ಪಾತ್ರೆ ಉಳಿಯಿತು, ಚೀಲ ಯಾರು ತೊಳೆಯೋರು?

ಸ್ಲೋ ಕುಕರ್ ಇರುವ ಮನೆಗಳಲ್ಲಿ ಅಡುಗೆಯ ರುಚಿಯ ಬಗ್ಗೆ ತಕರಾರು ಕಡಿಮೆ. ತಕರಾರೇನಿದ್ದರೂ ಊಟವಾದ ಮೇಲೆ, ಸಿಂಕಿನ ಮುಂದೆ. ಖಾಲಿಯಿದ್ದಾಗಲೂ ಕೈ ಜಗ್ಗುವ ಪಿಂಗಾಣಿ ಪಾತ್ರೆ, ಎಂಟು ಗಂಟೆ ಬೆಂದ ಮಸಾಲೆ ಅದರ ಒಳಗೋಡೆಗೆ ಬಳೆಯ ಹಾಗೆ ಒಣಗಿ ಕಚ್ಚಿದ ಪಟ್ಟಿ, ಅರಿಶಿನದ ಕರೆ. ಬೆಳಗ್ಗೆ ಬರುವ ಕೆಲಸದವರಿಗೆ ಬಿಟ್ಟರೆ ಅವರು ಮುಖ ಸಿಂಡರಿಸುತ್ತಾರೆ. ತಪ್ಪೇನಿಲ್ಲ, ಕೈ ಜಾರಿದರೆ ಪಾತ್ರೆಯೂ ಹೋಯಿತು, ಕಾಲ ಮೇಲೆ ಬಿದ್ದರೆ ಕಾಲೂ ಹೋಯಿತು.

ಈ ಕಷ್ಟಕ್ಕೆಂದು ಅಮೆರಿಕದ ಅಡುಗೆಮನೆಗಳು ಕಂಡುಕೊಂಡ ಉಪಾಯವೇ ಲೈನರ್. ಶಾಖ ತಡೆಯುವ ನೈಲಾನಿನ ತೆಳು ಚೀಲ. ಪಾತ್ರೆಯೊಳಗೆ ಹಾಸಿ, ಅದರಲ್ಲೇ ಬೇಯಿಸಿ, ಬಡಿಸಿ, ಕೊನೆಗೆ ಎತ್ತಿ ಬಿಸಾಡುವುದು. ಬೆಂಗಳೂರಿನ ಜಕ್ಕೂರು, ಅಮೃತಹಳ್ಳಿ, ಥಣಿಸಂದ್ರದ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ವಿದೇಶದಿಂದ ಮರಳಿದ ಕುಟುಂಬಗಳಿಗೇನೂ ಬರವಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆಯೇ ಮಾನ್ಯತಾ ಟೆಕ್ ಪಾರ್ಕಿನತ್ತ ಹೊರಡುವ ಮನೆಗಳೂ ಬೇಕಾದಷ್ಟಿವೆ. ಹೊರಡುವ ಮುನ್ನ ಎಲ್ಲ ಹಾಕಿ ಗುಂಡಿ ಒತ್ತಿದರೆ ಸಂಜೆಗೆ ಮಟನ್ ಸಾರೋ ಹುರುಳಿಕಾಳಿನ ಸಾರೋ ಸಿದ್ಧ. ಇಂಥ ಮನೆಗಳವರು ಲೈನರ್ ಬಗ್ಗೆ ಕೇಳುವ ಪ್ರಶ್ನೆ ಒಂದೇ: ತರಿಸಬಹುದಾ, ಬೇಡವಾ? ಉತ್ತರ ಪಾತ್ರೆಯ ಕಡೆಯಿಂದ ನೋಡಿದರೆ ಒಂದು, ನಮ್ಮೂರಿನ ಕಸದ ಬುಟ್ಟಿಯ ಕಡೆಯಿಂದ ನೋಡಿದರೆ ಇನ್ನೊಂದು.

ಹಾಸುವುದು ಹೇಗೆ

ಮೊದಲು ಚೀಲ ಇದ್ದವರಿಗೆ. ಸಾಮಾನ್ಯವಾಗಿ ಸಿಗುವ ಅಳತೆಯ ಲೈನರ್ ಸುಮಾರು 3ರಿಂದ 8 ಲೀಟರಿನ ಪಾತ್ರೆಗೆ ಹೊಂದುತ್ತದೆ. ಪಾತ್ರೆ ತಣ್ಣಗಿರುವಾಗಲೇ ಒಳಗೆ ಬಿಡಿಸಿ, ತಳಕ್ಕೆ ಮತ್ತು ಗೋಡೆಗೆ ಅಂಗೈಯಲ್ಲಿ ಒತ್ತಿ ಕೂರಿಸಿ, ಬಾಯಿಯ ಅಂಚನ್ನು ಪಾತ್ರೆಯ ಕಂಠದ ಹೊರಗೆ ಮಡಚಿ. ತಳದಲ್ಲಿ ಸುಕ್ಕು ಉಳಿದರೆ ಅಲ್ಲಿ ಬೇಳೆ ಸಿಕ್ಕಿಕೊಂಡು ಅರೆಬೆಂದಿರುತ್ತದೆ. ಹೊರಗೆ ಇಳಿಬಿದ್ದ ಅಂಚು ಕುಕರಿನ ಬಿಸಿ ಲೋಹಕ್ಕೆ ತಗುಲದಷ್ಟು ಗಿಡ್ಡವಿರಲಿ. ಮುಚ್ಚಳ ಸರಿಯಾಗಿ ಕೂರುತ್ತದೆಯೇ ನೋಡಿ; ಸಂದಿನಲ್ಲಿ ಹಬೆ ಹೋಗುತ್ತಿದ್ದರೆ ಬೇಯುವ ಹೊತ್ತು ಎಳೆಯುತ್ತದೆ.

ಆಮೇಲೆ ಮೂರು ಎಚ್ಚರ. ಒಗ್ಗರಣೆಯನ್ನು ಬಾಣಲೆಯಿಂದ ನೇರವಾಗಿ ಚೀಲಕ್ಕೆ ಸುರಿಯಬೇಡಿ, ಸಾಸಿವೆ ಸಿಡಿಯುವ ಎಣ್ಣೆಯ ಕಾವು ಕುದಿಯುವ ನೀರಿನ ಕಾವಿಗಿಂತ ಬಹಳ ಹೆಚ್ಚು. ಒಗ್ಗರಣೆ ಕೊನೆಗೆ, ಬಡಿಸುವ ಪಾತ್ರೆಗೆ. ಕೈಯಾಡಿಸಲು ಮರದ ಸೌಟು. ಸ್ಟೀಲ್ ಸೌಟಿನ ಅಂಚಿಗೆ, ಮಟನ್ನಿನ ಮೂಳೆಯ ಚೂಪಿಗೆ ಚೀಲ ಹರಿಯುತ್ತದೆ, ಹರಿದ ಲೈನರ್ ಇದ್ದೂ ಇಲ್ಲದ ಹಾಗೆ. ಮೂರನೆಯದನ್ನು ತಯಾರಕರೇ ಒತ್ತಿ ಹೇಳುತ್ತಾರೆ: ಅಡುಗೆ ತುಂಬಿರುವಾಗ ಚೀಲವನ್ನು ಎತ್ತಲೇಬಾರದು. ಎಲ್ಲ ಬಡಿಸಿ, ಆರಲು ಬಿಟ್ಟು, ಆಮೇಲೆ ಬಾಯಿ ಸುತ್ತಿ ತೆಗೆಯಬೇಕು. ಪ್ರೆಶರ್ ಕುಕರಿನಲ್ಲಿ ಇದಕ್ಕೆ ಜಾಗವಿಲ್ಲ. ನಮ್ಮಲ್ಲಿ ಹಲವರ ಬಳಿ ಇರುವುದು ಪ್ರೆಶರ್ರೂ ಸ್ಲೋ ಕುಕ್ಕೂ ಎರಡೂ ಇರುವ ವಿದ್ಯುತ್ ಕುಕರ್, ಅಲ್ಲಿ ಗುಂಡಿ ತಪ್ಪಿ ಒತ್ತಿದರೆ ಕರಗಿದ ಚೀಲವೋ ಕಟ್ಟಿಕೊಂಡ ವಾಲ್ವೋ. ಆ ಕುಕರಿನ ಒಳಪಾತ್ರೆ ಸ್ಟೀಲಿನದು, ಉಜ್ಜಿದರೆ ಹೋಗುತ್ತದೆ, ಅದಕ್ಕೆ ಲೈನರಿನ ಗೊಡವೆಯೇ ಬೇಡ.

ಇಲ್ಲಿ ಲೈನರ್ ಪಕ್ಕದ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಆನ್‌ಲೈನಿನಲ್ಲಿ ತರಿಸಬೇಕು, ಹೆಚ್ಚಿನವು ಆಮದು, ಅಗ್ಗವೂ ಅಲ್ಲ. ಸಿಗದಾಗ ಕೈ ಹೋಗುವುದು ಮನೆಯಲ್ಲಿರುವ ಯಾವುದೋ ಕವರಿಗೆ, ಜಿಪ್‌ಲಾಕ್ ಚೀಲಕ್ಕೆ, ಹೊಸ ಕಸದ ಚೀಲಕ್ಕೆ. ಇದು ಮಾತ್ರ ಬೇಡವೇ ಬೇಡ. ನೈಲಾನ್ ಕರಗುವುದು 220 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ. ಸಾಧಾರಣ ತೆಳು ಪಾಲಿಥೀನ್ 105ರಿಂದ 115 ಡಿಗ್ರಿಗೇ ಕರಗುತ್ತದೆ, ಅದಕ್ಕಿಂತ ಮುಂಚೆಯೇ ಮೆತ್ತಗಾಗುತ್ತದೆ. ಒಳಗಿನ ಸಾರು 95 ಡಿಗ್ರಿಯಲ್ಲೇ ಇರಬಹುದು, ಆದರೆ ಕಾವು ಕೊಡುವ ಕಾಯಿಲಿಗೆ ಹತ್ತಿರದ ಗೋಡೆಯ ಕಾವು ಹಾಗಿರುವುದಿಲ್ಲ.

ಇಡ್ಲಿ ತಟ್ಟೆಯ ಹಾಳೆ

ಬಿಸಿ ಅಡುಗೆಯ ಕೆಳಗೆ ಪ್ಲಾಸ್ಟಿಕ್ ಹಾಸುವುದು ನಮಗೆ ಹೊಸ ಸುದ್ದಿಯೇನಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಸುಮಾರು 250 ಕಡೆ ಇಡ್ಲಿ ಪರೀಕ್ಷೆಗೆ ಹೋದಾಗ ಐವತ್ತಕ್ಕೂ ಹೆಚ್ಚು ಕಡೆ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ಬಳಸಕೂಡದೆಂದು ಪ್ರಕಟಿಸಿದರು. ಹೋಟೆಲಿನವರು ಹಾಳೆ ಹಿಡಿದದ್ದೂ ಸ್ಲೋ ಕುಕರಿನವರು ಚೀಲ ಹಿಡಿದದ್ದೂ ಒಂದೇ ಕಾರಣಕ್ಕೆ: ಬಟ್ಟೆ ಒಗೆಯುವುದು ಬೇಡ, ಪಾತ್ರೆ ತಿಕ್ಕುವುದು ಬೇಡ.

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲ. ಇಡ್ಲಿಯ ಹಾಳೆ ಆಹಾರಕ್ಕೆಂದು ಮಾಡಿದ್ದೋ ಅಲ್ಲವೋ ಗೊತ್ತಿಲ್ಲದ ಸರಕು. ಲೈನರ್ ಶಾಖಕ್ಕೂ ಆಹಾರಕ್ಕೂ ಎಂದೇ ತಯಾರಾದದ್ದು. ಆಹಾರಕ್ಕೆ ತಗಲುವ ಪ್ಲಾಸ್ಟಿಕ್ಕಿನಿಂದ ಒಂದು ಕೆಜಿ ಆಹಾರಕ್ಕೆ ಒಟ್ಟು 60 ಮಿಲಿಗ್ರಾಮಿಗಿಂತ ಹೆಚ್ಚು ಅಂಶ ಸೇರಬಾರದು ಎಂಬ ಮಿತಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2018ರ ಪ್ಯಾಕೇಜಿಂಗ್ ನಿಯಮಗಳಲ್ಲಿದೆ. ಒಳ್ಳೆಯ ಕಂಪನಿಯ ಲೈನರ್ ಇಂಥ ಮಿತಿಗಳೊಳಗೆ ಇರುವಂಥದ್ದೇ.

ಆದರೂ ಒಂದು ಅಧ್ಯಯನದ ಬಗ್ಗೆ ಓದುಗರಿಗೆ ತಿಳಿದಿರಬೇಕು. ಅಮೆರಿಕದ ಸರ್ಕಾರಿ ಮಾಪನ ಸಂಸ್ಥೆ ಎನ್‌ಐಎಸ್‌ಟಿ 2022ರಲ್ಲಿ ಆಹಾರ ದರ್ಜೆಯ ನೈಲಾನ್ ಚೀಲ ಮತ್ತು ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಫಿ ಕಪ್ಪು ಎರಡಕ್ಕೂ ಬಿಸಿನೀರು ಹಾಕಿ ಪರೀಕ್ಷಿಸಿತು. ಒಂದು ಲೀಟರ್ ನೀರಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ನ್ಯಾನೋ ಕಣಗಳು ಬಿಟ್ಟುಕೊಂಡಿದ್ದವು, ನೈಲಾನ್ ಕಪ್ಪಿಗಿಂತ ಏಳು ಪಟ್ಟು ಹೆಚ್ಚು ಬಿಟ್ಟಿತ್ತು. ಸಂಖ್ಯೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಕಣಗಳು ಅತಿ ಸೂಕ್ಷ್ಮವಾದ್ದರಿಂದ ತೂಕದಲ್ಲಿ ಅದು ಅಲ್ಲಿನ ಆಹಾರ ಇಲಾಖೆಯ ಮಿತಿಯೊಳಗೇ ಇತ್ತು, ಇದರಿಂದ ಇಂಥ ಕಾಯಿಲೆ ಬರುತ್ತದೆ ಎಂದು ಆ ಅಧ್ಯಯನ ಹೇಳಲೂ ಇಲ್ಲ. ಅದನ್ನು ಹಿಡಿದು ಯಾರನ್ನೂ ಹೆದರಿಸಲು ನನಗೆ ಇಷ್ಟವಿಲ್ಲ. ಮಗುವಿನ ಗಂಜಿಯನ್ನೋ ಬಾಣಂತಿಯ ಸಾರನ್ನೋ ದಿನಾ ಎಂಟು ಗಂಟೆ ಪ್ಲಾಸ್ಟಿಕ್ಕಿನಲ್ಲಿ ಇಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಅಷ್ಟೆ.

ಯಾವ ಬುಟ್ಟಿಗೆ?

ನನ್ನ ತಕರಾರು ಶುರುವಾಗುವುದು ಊಟ ಮುಗಿದ ಮೇಲೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆದೇಶವಾದಂದಿನಿಂದ ಬೆಂಗಳೂರಿನಲ್ಲಿ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್ ಪ್ಯಾಡುಗಳಂಥ ತ್ಯಾಜ್ಯ, ಚೀಲಕ್ಕೆ ಒಣ ಕಸ. ಮಸಾಲೆ ಮೆತ್ತಿದ ಲೈನರ್ ಎಲ್ಲಿ ಹೋಗಬೇಕು? ಹಸಿ ಕಸಕ್ಕೆ ಹಾಕುವ ಹಾಗಿಲ್ಲ. ಅಪಾರ್ಟ್‌ಮೆಂಟಿನ ಗೊಬ್ಬರದ ತೊಟ್ಟಿಯಲ್ಲಿ ನೈಲಾನ್ ಚೀಲ ವರ್ಷಗಟ್ಟಲೆ ಹಾಗೇ ಕೂರುತ್ತದೆ. ಒಣ ಕಸಕ್ಕೆ ಹಾಕಬೇಕೆಂದರೆ ಪ್ಲಾಸ್ಟಿಕ್ ತೊಳೆದು ಒಣಗಿರಬೇಕು ಎಂಬುದು ನಿಯಮ. ಕಾಗದ, ಹಾಲಿನ ಕವರಿನ ಜೊತೆ ಎಣ್ಣೆಜಿಡ್ಡಿನ ಚೀಲ ಬಿದ್ದರೆ ಅವೂ ಕೆಟ್ಟವು, ವಿಂಗಡಿಸುವವರ ಕೈಯೂ ಕೊಳೆಯಾಯಿತು.

ಅಂದರೆ ಪಾತ್ರೆ ತೊಳೆಯುವುದನ್ನು ತಪ್ಪಿಸಲು ತಂದ ಚೀಲವನ್ನೇ ತೊಳೆಯಬೇಕು! ಪಾತ್ರೆಯನ್ನಾದರೂ ಗಟ್ಟಿಯಾಗಿ ಹಿಡಿದು ತಿಕ್ಕಬಹುದು. ಮೆತ್ತಗೆ ಜಾರುವ, ಮೂಲೆಮೂಲೆಯಲ್ಲಿ ಜಿಡ್ಡು ಕಚ್ಚಿದ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ಸೋಪು ಹಾಕಿ ತೊಳೆದು, ಬಾಲ್ಕನಿಯಲ್ಲಿ ಕ್ಲಿಪ್ ಹಾಕಿ ಒಣಗಿಸಿ ನೋಡಿ, ಎಷ್ಟು ಹೊತ್ತು, ಎಷ್ಟು ನೀರು ಹಿಡಿಯಿತೆಂದು. ತೊಳೆಯದೆ ಕೆಂಪು ಬುಟ್ಟಿಗೆ ಹಾಕುವುದು ಸುಲಭದ ದಾರಿ. ಅಲ್ಲಿಂದ ಮುಂದೆ ಅದು ಯಾವುದೋ ಹಳ್ಳಿಯ ಪಕ್ಕದ ಕಸದ ಗುಂಡಿಗೆ. ವಾರಕ್ಕೆ ಮೂರು ಸಲ ಬಳಸುವ ಒಂದೇ ಮನೆಯಿಂದ ವರ್ಷಕ್ಕೆ 156 ಚೀಲ.

ನಿಷೇಧವಿದೆಯೇ ಎಂದು ಕೇಳುವವರಿದ್ದಾರೆ. 2016ರ ಮಾರ್ಚಿನಲ್ಲಿ ಕರ್ನಾಟಕ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಕೈಚೀಲ, ತಟ್ಟೆ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಅಂಟುಹಾಳೆ ಎಲ್ಲ ಇವೆ. 2022ರ ಜುಲೈ 1ರಿಂದ ದೇಶದ ಮಟ್ಟದಲ್ಲೂ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ನಿಷೇಧ ಬಂತು. ಅಡುಗೆಯ ಲೈನರನ್ನು ಕಾನೂನು ಹೆಸರು ಹಿಡಿದು ಹೇಳಲಿ ಬಿಡಲಿ, ಮೇಜಿಗೆ ಹಾಸುವ ಹಾಳೆ ಬೇಡವಾದ ಊರಿನಲ್ಲಿ ಪಾತ್ರೆಗೆ ಹಾಸುವ ಹಾಳೆಯನ್ನು ನಾವಾಗಿಯೇ ತರಿಸಿಕೊಳ್ಳುವುದು ಕೊಂಚ ವಿಚಿತ್ರ.

ಬಾಳೆಲೆ, ಡಬರಿ, ಒಂದು ಚಮಚ ತುಪ್ಪ

ಕರಾವಳಿಯವರು ಹಲಸಿನ ಎಲೆಯ ಕೊಟ್ಟೆಯಲ್ಲಿ, ಮುಂಡುಕದ ಎಲೆಯ ಮೂಡೆಯಲ್ಲಿ ಹಿಟ್ಟು ಬೇಯಿಸುವುದು, ಅರಿಶಿನ ಎಲೆಯಲ್ಲಿ ಕಡುಬು ಮಾಡುವುದು ಎಲ್ಲ ಲೈನರಿನ ಕೆಲಸವೇ. ಪಾತ್ರೆಗೆ ಅಂಟದು, ಎಲೆ ಹಸಿ ಕಸಕ್ಕೆ, ಮೇಲಾಗಿ ಪರಿಮಳ. ಸ್ಲೋ ಕುಕರಿಗೆ ಇವುಗಳಲ್ಲಿ ಹೊಂದುವುದು ಬಾಳೆಲೆ. ಹೂವಿನ ಅಂಗಡಿಯಲ್ಲಿ ಸಿಗುತ್ತದೆ. ತೀರ ಎಳೆಯದೂ ಬೇಡ, ತೀರ ಬಲಿತದ್ದೂ ಬೇಡ. ನಡುವಿನ ದಂಟು ಸೀಳಿ ತೆಗೆದು, ಗ್ಯಾಸಿನ ಸಣ್ಣ ಉರಿಯ ಮೇಲೆ ನಿಧಾನವಾಗಿ ಆಡಿಸಿ. ಬಣ್ಣ ಕಡುಹಸಿರಿಗೆ ತಿರುಗಿ ಎಲೆ ಬಟ್ಟೆಯಂತೆ ಬಾಗಬೇಕು; ಬಾಡಿಸದ ಎಲೆ ಪಾತ್ರೆಯ ಮೂಲೆಗೆ ಒತ್ತಿದ ಕೂಡಲೇ ಸೀಳುತ್ತದೆ. ಎರಡು ಪದರ, ಒಂದಕ್ಕೊಂದು ಅಡ್ಡಡ್ಡ ಹಾಸಿ. ಅಂಚು ಕಂಠದ ಒಳಗೇ ನಿಲ್ಲಲಿ.

ಬಿಸಿಬೇಳೆಬಾತು, ಗಟ್ಟಿ ಪಲ್ಯ, ಮಸಾಲೆ ಹಚ್ಚಿದ ಕೋಳಿ, ಮೀನು ಇವಕ್ಕೆಲ್ಲ ಬಾಳೆಲೆ ಚೆನ್ನ. ಸಾರಿಗೆ ಅಲ್ಲ, ನೀರು ಎಲೆಯ ಕೆಳಗೆ ಇಳಿದೇ ಇಳಿಯುತ್ತದೆ. ಆದರೆ ಸಾರಿಗೆ ಲೈನರ್ ಬೇಕಾದರೂ ಯಾಕೆ? ನೀರಾಗಿರುವ ಅಡುಗೆ ತಳ ಹಿಡಿಯುವುದಿಲ್ಲ. ಕಷ್ಟ ಕೊಡುವುದು ಸಾರಿನ ಮಟ್ಟದ ಮೇಲೆ ಒಣಗಿ ಕಚ್ಚುವ ಆ ಪಟ್ಟಿ ಮಾತ್ರ. ಅಡುಗೆ ಹಾಕುವ ಮುನ್ನ ಪಾತ್ರೆಯ ಮೇಲರ್ಧಕ್ಕೆ ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಸವರಿಬಿಟ್ಟರೆ ಪಟ್ಟಿ ಉಗುರಿಗೆ ಸಿಕ್ಕಷ್ಟು ಸುಲಭವಾಗಿ ಏಳುತ್ತದೆ. ಇದಕ್ಕಿಂತ ಅಗ್ಗದ ಲೈನರ್ ನನಗೆ ತಿಳಿದಿಲ್ಲ.

ಪಾಯಸ, ಹಾಲುಖೋವದಂಥ ಅಂಟುವ ಸಿಹಿಗಳಿಗೆ ಇನ್ನೊಂದು ದಾರಿ, ಕುಕರಿನಲ್ಲಿ ಅನ್ನದ ಪಾತ್ರೆ ಇಡುವ ನಮ್ಮ ಹಳೆಯ ಅಭ್ಯಾಸವೇ. ಪಿಂಗಾಣಿ ಪಾತ್ರೆಯಲ್ಲಿ ಎರಡು ಬೆರಳು ಬಿಸಿನೀರು, ಅದರೊಳಗೆ ಸ್ಟೀಲಿನ ಡಬರಿ, ಡಬರಿಯಲ್ಲಿ ಅಡುಗೆ. ತೊಳೆಯಬೇಕಾದದ್ದು ಡಬರಿ ಮಾತ್ರ. ಕಾವು ತಡವಾಗಿ ಏರುವುದರಿಂದ ಕುದಿಸಿದ ಹಾಲನ್ನೇ ಹಾಕಿ, ಹೈ ಗುಂಡಿಯಲ್ಲೇ ಇಡಿ. ಅಲ್ಯೂಮಿನಿಯಂ ಫಾಯಿಲ್ ಹಾಸುವವರೂ ಇದ್ದಾರೆ. ಹುಣಸೆಹಣ್ಣು, ಟೊಮೆಟೊ ಇರುವ ಅಡುಗೆಗೆ ಅದು ಸಲ್ಲದು, ಹುಳಿ ಲೋಹವನ್ನು ತಿನ್ನುತ್ತದೆ. ಹುಳಿಯಿಲ್ಲದ ನಮ್ಮ ಅಡುಗೆ ಎಷ್ಟಿದೆ ಹೇಳಿ. ತೊಳೆದು ಮತ್ತೆ ಬಳಸುವ ಸಿಲಿಕಾನ್ ಲೈನರೂ ಉಂಟು. ಮತ್ತೆ ತೊಳೆಯುವುದೇ ಆದರೆ ಪಾತ್ರೆಯನ್ನೇ ತೊಳೆದರಾಯಿತಲ್ಲ.

ತೊಳೆಯುವ ಮಾತು ಬಂತು. ಪಿಂಗಾಣಿ ಬಿಸಿಯಿರುವಾಗ ತಣ್ಣೀರು ಸುರಿದರೆ ಟಪ್ಪೆಂದು ಬಿರುಕು ಬಿಡುತ್ತದೆ. ಕುಕರ್ ಆರಿಸಿ, ಪಾತ್ರೆ ಬೆಚ್ಚಗಿರುವಾಗಲೇ ಬಿಸಿನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೆಂಗಿನ ನಾರು ಸಾಕು, ಕಬ್ಬಿಣದ ಸ್ಕ್ರಬ್ಬರ್ ಬೇಡ, ಮೆರುಗು ಗೀರಿದರೆ ಆಮೇಲೆ ಎಲ್ಲವೂ ಅಲ್ಲೇ ಕಚ್ಚುತ್ತದೆ. ಕೊಳವೆಬಾವಿ, ಟ್ಯಾಂಕರಿನ ಗಡಸು ನೀರು ಬಳಸುವವರ ಪಾತ್ರೆಯಲ್ಲಿ ಬಿಳಿ ಪೊರೆ ಕೂರುತ್ತದೆ. ಅದಕ್ಕೆ ಸೋಪು ಉಪಯೋಗವಿಲ್ಲ, ನೀರು ತುಂಬಿ ಅರ್ಧ ಲೋಟ ವಿನೆಗರ್ ಹಾಕಿ ಲೋ ಗುಂಡಿಯಲ್ಲಿ ಒಂದು ಗಂಟೆ ಇಟ್ಟರೆ ಬಿಡುತ್ತದೆ. ತೊಳೆಯುವ ಮುನ್ನ ಜಿಡ್ಡನ್ನು ಹಳೆ ಪೇಪರಿನಲ್ಲಿ ಒರೆಸಿ ತೆಗೆಯಿರಿ. ಜಕ್ಕೂರಿನ ಸಂಸ್ಕರಣಾ ಘಟಕದಲ್ಲಿ ಶುದ್ಧವಾದ ಒಳಚರಂಡಿ ನೀರೇ ಜೊಂಡು ಬೆಳೆದ ಜೌಗು ದಾಟಿ ಕೆರೆಗೆ ಸೇರುವುದು. ಸಿಂಕಿಗೆ ಎಣ್ಣೆ ಕಡಿಮೆ ಹೋದಷ್ಟೂ ಅಲ್ಲಿ ಕೆಲಸ ಹಗುರ.

ಇಷ್ಟೆಲ್ಲ ಹೇಳಿದ ಮೇಲೂ ಲೈನರನ್ನು ಪೂರ್ತಿ ತಳ್ಳಿಹಾಕಲಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು ಕೂತು, ಕಾಗದದ ತಟ್ಟೆಯಲ್ಲಿ ಉಂಡ ಮನೆಗಳು ಈ ಊರಿನಲ್ಲಿ ಬಹಳ. ಅಂಥ ವಾರದಲ್ಲಿ ಒಂದು ಚೀಲ ಬಳಸಿದರೆ ಯಾರೂ ತಪ್ಪು ಹಿಡಿಯಬಾರದು. ಕೈ ಮೂಳೆ ಮುರಿದವರು, ಸಂಧಿನೋವಿನ ಹಿರಿಯರು, ಒಬ್ಬರೇ ಇರುವವರು ಆ ಭಾರದ ಪಾತ್ರೆ ಎತ್ತಲಾರರು. ಅವರಿಗೆ ಲೈನರ್ ಐಷಾರಾಮವಲ್ಲ. ಡ್ರಾಯರಿನಲ್ಲಿ ಉಳಿದ ಪ್ಯಾಕೆಟ್ ಇದ್ದರೆ ಇಂಥ ದಿನಕ್ಕೆ ಇಟ್ಟುಕೊಳ್ಳಿ.

ಚೀಲವಿರಲಿ, ಇಲ್ಲದಿರಲಿ

ತೊಳೆಯುವ ಚಿಂತೆಯಲ್ಲಿ ಇದಕ್ಕಿಂತ ದೊಡ್ಡ ಎರಡು ವಿಷಯ ಮರೆತುಹೋಗುತ್ತವೆ. ಮೊದಲನೆಯದು ರಾಜ್ಮಾ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಜೋರು ಕುದಿತಕ್ಕೆ ಮಾತ್ರ ಜಗ್ಗುತ್ತದೆ. ಸ್ಲೋ ಕುಕರಿನ ಮಂದ ಕಾವಿನಲ್ಲಿ ಅದು ಕಡಿಮೆಯಾಗುವ ಬದಲು ಹೆಚ್ಚಾಗಲೂಬಹುದು. ನಾಲ್ಕೈದು ಕಾಳೇ ಸಾಕು, ಕೆಲವೇ ಗಂಟೆಯಲ್ಲಿ ವಾಂತಿ ಭೇದಿ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿ ಆಮೇಲೆ ಸ್ಲೋ ಕುಕರಿಗೆ ಹಾಕಿ. ಒಣ ಅವರೆಕಾಳಿಗೂ ಇದೇ ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರೆಶರ್ ಕುಕರಿನಲ್ಲಿ ಕೂಗಿಸಿದ ಕಾಳಾದರೆ ಈ ಭಯವಿಲ್ಲ. ಮಾಂಸವನ್ನೂ ಫ್ರೀಜರಿನಿಂದ ಗಡ್ಡೆಯಾಗಿಯೇ ಹಾಕಬೇಡಿ. ಪಾತ್ರೆ ಅರ್ಧದಿಂದ ಮುಕ್ಕಾಲಿನ ಒಳಗೆ ತುಂಬಿರಲಿ.

ಎರಡನೆಯದು ಕರೆಂಟು. ಆಹಾರ 4ರಿಂದ 60 ಡಿಗ್ರಿ ನಡುವೆ ನಿಂತಷ್ಟು ಹೊತ್ತೂ ಸೂಕ್ಷ್ಮಾಣುಗಳಿಗೆ ಹಬ್ಬ. ಮನೆಯಲ್ಲಿದ್ದಾಗ ಕರೆಂಟು ಹೋದರೆ ಸರಿ, ಪಾತ್ರೆ ಬದಲಿಸಿ ಗ್ಯಾಸಿನ ಮೇಲೆ ಮುಗಿಸಬಹುದು. ಆಫೀಸಿನಲ್ಲಿದ್ದಾಗ ಎರಡು ಗಂಟೆ ಹೋಗಿ ಬಂದಿದ್ದರೆ? ಗುಂಡಿ ತಿರುಗಿಸುವ ಹಳೆಯ ಮಾದರಿ ತಾನಾಗಿ ಮತ್ತೆ ಶುರುವಾಗುತ್ತದೆ, ನೋಡಲು ಎಲ್ಲ ಬೆಂದ ಹಾಗೇ ಇರುತ್ತದೆ. ಡಿಜಿಟಲ್ ಮಾದರಿಗಳಲ್ಲಿ ಹಲವು ನಿಂತೇಬಿಡುತ್ತವೆ. ಎಷ್ಟು ಹೊತ್ತು ನಿಂತಿತ್ತೆಂದು ತಿಳಿಯದ ಮಾಂಸದ ಅಡುಗೆಯನ್ನು ಚೆಲ್ಲುವುದೇ ಸರಿ, ಹೊಟ್ಟೆ ಉರಿದರೂ. ಮೈಕ್ರೊವೇವಿನ ಗಡಿಯಾರ ಸೊನ್ನೆಗೆ ಬಂದಿದ್ದರೆ ಕರೆಂಟು ಹೋಗಿತ್ತೆಂದು ಗೊತ್ತಾಗುತ್ತದೆ, ಆದರೆ ಎಷ್ಟು ಹೊತ್ತು ಎಂದಲ್ಲ. ಸೆಕ್ಯುರಿಟಿಯವರನ್ನು ಕೇಳಿದರೆ ಜನರೇಟರ್ ಎಷ್ಟು ಹೊತ್ತು ಓಡಿತೆಂದು ಹೇಳುತ್ತಾರೆ. ಸ್ಲೋ ಕುಕರಿಗೆ ಬೇಕಾದದ್ದು ಸುಮಾರು 200ರಿಂದ 300 ವ್ಯಾಟ್ ಅಷ್ಟೆ, ಆದ್ದರಿಂದ ನಿಮ್ಮ ಫ್ಲಾಟಿನ ಯಾವ ಸಾಕೆಟ್ಟಿಗೆ ಜನರೇಟರ್ ಸಂಪರ್ಕ ಇದೆಯೆಂದು ಎಲೆಕ್ಟ್ರಿಷಿಯನ್ನನ್ನು ಕೇಳಿಕೊಂಡು ಅಲ್ಲೇ ಚುಚ್ಚಿ.

ಕೊನೆಯದಾಗಿ, ಅಮೆರಿಕದಿಂದ ಪೆಟ್ಟಿಗೆಯಲ್ಲಿ ತಂದ ಕುಕರಿನವರಿಗೆ. ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಪ್ಲಗ್ಗಿನ ಕಾಲು ಹೊಂದಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಕಾಯಿಲಿಗೆ ಮೂರೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ನುಗ್ಗಿ ಸುಟ್ಟುಹೋಗುತ್ತದೆ, ಅದಕ್ಕೆ ಮೊದಲು ಪಾತ್ರೆ ಬಿರಿಯಬಹುದು, ಲೈನರ್ ಇದ್ದರೆ ಕರಗಬಹುದು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 300 ವ್ಯಾಟಿನ ಕುಕರಿಗೆ 500 ವ್ಯಾಟಿನದನ್ನು ಕೊಳ್ಳಿ, ಗಾಳಿಯಾಡುವ ಕಡೆ ಇಡಿ, ಒಲೆಯ ಪಕ್ಕ ಬೇಡ. ಅದರ ಬೆಲೆ ಕೇಳಿದ ಮೇಲೆ 230 ವೋಲ್ಟಿನ ಹೊಸ ಕುಕರಿನ ಬೆಲೆಯನ್ನೂ ಒಮ್ಮೆ ಕೇಳಿಕೊಂಡು ಬನ್ನಿ.